ತಾತನ ಮಚ್ಚು ಕೆಡಿಸಿಕೊಂಡೆ. ಚಾಕು ಕೆಲಸವನ್ನು ಎಲ್ಲಿಂದ ಕಲಿಯಲಿ?

ಮಂಡ್ಯದ ಮೊಂಡುಚಾಕು

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಸುಭಾಷ್ ನಗರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿದ್ದೇನೆ. ಲೆಕ್ಕ ಬರೆಯುವ ಕೆಲಸ. ಸುತ್ತಿಗೆ ಹಿಡಿದದ್ದು ಗೋಡೆಗೆ ಮೊಳೆ ಹೊಡೆಯಲು ಮಾತ್ರ. ಅದಕ್ಕೂ ಮನೆ ಮಾಲೀಕರಿಂದ ಬೈಸಿಕೊಂಡಿದ್ದೇನೆ.

ಆಯುಧ ಪೂಜೆಗೆ ಪಾಂಡವಪುರದ ಹತ್ತಿರದ ನಮ್ಮೂರಿಗೆ ಹೋದಾಗ ಅಟ್ಟದ ಮೇಲೆ ತಾತನ ಕಬ್ಬು ಕಡಿಯುವ ಮಚ್ಚು ಸಿಕ್ಕಿತು. ಮೈಯೆಲ್ಲ ತುಕ್ಕು, ಹಿಡಿ ಅಲ್ಲಾಡುತ್ತಿತ್ತು, ಬಾಯಿ ಪೂರ್ತಿ ಮೊಂಡು. ಕುಂಕುಮ ಹಚ್ಚಿ ಪೂಜೆ ಮಾಡಿದ ಮೇಲೆ ಅದನ್ನು ಮತ್ತೆ ಅಟ್ಟಕ್ಕೆ ಎಸೆಯಲು ಮನಸ್ಸಾಗಲಿಲ್ಲ. ಇಲ್ಲಿಗೆ ತಂದು ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಸಾಣೆಗೆ ಕೊಟ್ಟೆ. ಅವರು ಗ್ರೈಂಡರ್‌ಗೆ ಒತ್ತಿ ಹಿಡಿದರು. ಕಿಡಿ ಹಾರುವುದನ್ನು ನಾನು ಮಗುವಿನಂತೆ ನೋಡುತ್ತ ನಿಂತಿದ್ದೆ. ಎರಡೇ ನಿಮಿಷದಲ್ಲಿ ಬಾಯಿಯ ಉದ್ದಕ್ಕೂ ನವಿಲುಗರಿಯಂಥ ನೀಲಿ ಹರಡಿತು. ಮನೆಗೆ ಬಂದು ಎಳನೀರು ಕೆತ್ತಿದರೆ ಮೂರನೆಯ ಏಟಿಗೆ ಅಂಚು ತಗಡಿನ ಹಾಗೆ ಮಡಚಿಕೊಂಡಿತು.

ಅಂದಿನಿಂದ ಇದು ತಲೆಗೆ ಹತ್ತಿದೆ. ಈ ಮಚ್ಚನ್ನು ಉಳಿಸಬಹುದೇ? ಮನೆಯ ಚಾಕುಗಳಿಗೆ ನಾನೇ ಸಾಣೆ ಹಿಡಿಯುವುದನ್ನು ಕಲಿತು, ಮುಂದೆ ಒಂದು ಚಾಕುವನ್ನು ನನ್ನ ಕೈಯಾರೆ ಮಾಡಬೇಕೆಂಬ ಆಸೆಯಿದೆ. ಊರಲ್ಲಿ ಮನೆ ಕಟ್ಟಿಸಿದಾಗ ಉಳಿದ ಟಿ.ಎಂ.ಟಿ. ಕಂಬಿ ಬಿದ್ದಿದೆ, ಅದು ಆದೀತೇ? ಮಹಡಿ ಮೇಲೆ ಕುಲುಮೆ ಹೂಡುವಂತಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಟೂಲ್‌ರೂಮ್ ತಾತ, ಮೈಸೂರು

ಸ್ವಾಮಿ, ಮೊದಲು ಸಮಾಧಾನ ಮಾಡಿಕೊಳ್ಳಿ. ಮಚ್ಚು ಸತ್ತಿಲ್ಲ, ಅದರ ಅಂಚು ಮಾತ್ರ ಸತ್ತಿದೆ.

ನೀಲಿ ಬಂತು ಎಂದರೆ ಅಲ್ಲಿ ಉಕ್ಕಿನ ಶಾಖ 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಯಿತು ಎಂದರ್ಥ. ಅದಕ್ಕೂ ಮೇಲೆ ಹೋದರೆ ಬಣ್ಣ ಮಾಸಿ ಬೂದಿಯಾಗುತ್ತದೆ, ಹದ, ಅಂದರೆ ಕಾಯಿಸಿ ಅದ್ದಿ ಬರಿಸಿದ ಗಟ್ಟಿತನ, ಇನ್ನಷ್ಟು ಇಳಿಯುತ್ತದೆ. ಅಂಚು ತೆಳುವಾದ್ದರಿಂದ ಗ್ರೈಂಡರ್ ಕೆಳಗೆ ಅದು ಕ್ಷಣಮಾತ್ರದಲ್ಲಿ ಕಾಯುತ್ತದೆ. ಕೈ ಅರ (ಫೈಲ್) ತೆಗೆದುಕೊಂಡು ಬಣ್ಣ ಕಂಡಷ್ಟನ್ನೂ ಉಜ್ಜಿ ತೆಗೆಯಿರಿ. ಸತ್ತ ಕಡೆ ಅರ ಮೆತ್ತಗೆ ಕಚ್ಚುತ್ತದೆ. ಹದ ಉಳಿದಿರುವ ಕಡೆ ಬಂದಾಗ ಜಾರಲು ನೋಡುತ್ತದೆ, ಸದ್ದೂ ತೆಳ್ಳಗಾಗುತ್ತದೆ. ಆ ಸದ್ದು ಕೇಳಿಸಿದ ಮೇಲೆ ಹೊಸ ಬಾಯಿ ಬಿಡಿಸಿ. ಅರ ಕಡಿಯುವುದು ಮುಂದಕ್ಕೆ ತಳ್ಳುವಾಗ ಮಾತ್ರ, ಹಿಂದಕ್ಕೆ ಎಳೆಯುವಾಗ ಎತ್ತಿಕೊಳ್ಳಿ. ಹಲ್ಲುಗಳಿಗೆ ಸೀಮೆಸುಣ್ಣ ತಿಕ್ಕಿದರೆ ಪುಡಿ ಕಚ್ಚಿಕೊಳ್ಳುವುದಿಲ್ಲ.

31 ವರ್ಷ ಟೂಲ್‌ರೂಮಿನಲ್ಲಿ, ಅಂದರೆ ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡುವ ವಿಭಾಗದಲ್ಲಿ, ಇದನ್ನೇ ಮಾಡಿದವನು ನಾನು. ಚಾಕು ಮಾಡುವುದೆಂದರೆ ಕೆಂಡ, ಸುತ್ತಿಗೆ, ಕಿಡಿ ಎಂದು ಮೊಬೈಲ್ ನೋಡಿ ಎಲ್ಲರೂ ನಂಬಿದ್ದಾರೆ. ಮುಕ್ಕಾಲು ಪಾಲು ಅದು ಅರ ಮತ್ತು ಎಮರಿ ಕಾಗದದ ಕೆಲಸ, ಮಿಕ್ಕ ಕಾಲು ಪಾಲು ಸೊಂಟನೋವು. ಆದ್ದರಿಂದ ಮಹಡಿ ಮನೆ ನಿಮಗೇನೂ ಅಡ್ಡಿಯಲ್ಲ. ಗಟ್ಟಿಯಾದ ಒಂದು ಮೇಜು ಮತ್ತು ಪಟ್ಟಿಯನ್ನು ಬಿಗಿದು ಹಿಡಿಯುವ ಒಂದು ವೈಸ್ ಸಾಕು.

ಮೊದಲ ತಿಂಗಳು ಏನನ್ನೂ ಮಾಡಬೇಡಿ, ಸಾಣೆ ಮಾತ್ರ ಕಲಿಯಿರಿ. ಎರಡು ಮುಖದ ಕಾರ್ಬೊರಂಡಮ್ ಕಲ್ಲೊಂದು, ಆಮೇಲೆ 1000 ಗ್ರಿಟ್‌ನ, ಅಂದರೆ ನಯವಾದ ಕಣದ, ಇನ್ನೊಂದು. ಚಾಕುವಿನ ಅಂಚಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು ಕಲ್ಲಿನ ಮೇಲೆ ನಾಲ್ಕು ಸಲ ಎಳೆದು ನೋಡಿ. ಕಪ್ಪು ಮೇಲ್ಭಾಗದಲ್ಲಿ ಮಾತ್ರ ಅಳಿಸಿದ್ದರೆ ಬೆನ್ನನ್ನು ಇನ್ನಷ್ಟು ಎತ್ತಬೇಕು. ಬಾಯಿಯ ತುದಿಯಲ್ಲಿ ಮಾತ್ರ ಅಳಿಸಿದ್ದರೆ ಹೆಚ್ಚು ಎತ್ತಿದ್ದೀರಿ. ಅಲಗಿನ ಅಗಲ 4 ಸೆಂಟಿಮೀಟರ್ ಇದ್ದು, ಬೆನ್ನನ್ನು ಕಲ್ಲಿನಿಂದ 1 ಸೆಂಟಿಮೀಟರ್ ಎತ್ತಿ ಹಿಡಿದರೆ ಕೋನ ಹತ್ತಿರ ಹತ್ತಿರ 15 ಡಿಗ್ರಿ ಆಗುತ್ತದೆ. ತರಕಾರಿ ಚಾಕುವಿಗೆ ಅದು ಸರಿ. ಮಚ್ಚಿಗೆ ಅಷ್ಟು ತೆಳು ಬಾಯಿ ಬೇಡ, 25 ಡಿಗ್ರಿ ಇರಲಿ. ಒಂದು ಮಗ್ಗುಲು ತಿಕ್ಕುತ್ತ ಹೋದಂತೆ ಇನ್ನೊಂದು ಮಗ್ಗುಲಿಗೆ ಕೂದಲಿನಷ್ಟು ತರಿ ಮಡಚಿ ನಿಲ್ಲುತ್ತದೆ. ಬೆರಳಿನಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಸವರಿದರೆ ತಿಳಿಯುತ್ತದೆ. ಅಂಚಿನ ಉದ್ದಕ್ಕೆ ಸವರಿದರೆ ಬೆರಳೇ ಹೋಗುತ್ತದೆ. ತರಿ ಏಳುವವರೆಗೆ ಮಗ್ಗುಲು ಬದಲಿಸಬೇಡಿ. ಸಾಣೆ ಬರಲಿಲ್ಲ ಎನ್ನುವವರೆಲ್ಲ ಇಲ್ಲೇ ಅವಸರ ಮಾಡಿದವರು.

ಟಿ.ಎಂ.ಟಿ. ಕಂಬಿಯನ್ನು ಮರೆತುಬಿಡಿ. ಅದರಲ್ಲಿ ಇಂಗಾಲ ಇರುವುದೇ ಶೇ. 0.25ರ ಆಸುಪಾಸು. ಚಾಕುವಿನ ಬಾಯಿ ಗಟ್ಟಿ ನಿಲ್ಲಬೇಕಾದರೆ ಶೇ. 0.6ಕ್ಕಿಂತ ಮೇಲಿರುವುದು ಒಳ್ಳೆಯದು. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಇಲ್ಲಿಯವರು ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿ ಇಟ್ಟು ಬಾಯಿ ಮುಚ್ಚಿ ಉಕ್ಕು ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕಡ್ಡಿ ಸುಟ್ಟು ಬರುವ ಇಂಗಾಲವೇ ಕಬ್ಬಿಣಕ್ಕೆ ಸೇರುವುದು. ರಸ್ತೆ ಬದಿ ಹಳದಿ ಹೂ ಬಿಟ್ಟ ತಂಗಡಿ ಕಂಡಾಗಲೆಲ್ಲ ನನಗೆ ಅದೇ ನೆನಪು.

ಮೊದಲ ಚಾಕುವಿಗೆ ಓ.ಎಚ್.ಎನ್.ಎಸ್. ಎಂದು ಕೇಳಿ 3 ಮಿಲಿಮೀಟರ್ ದಪ್ಪದ ಪಟ್ಟಿ ತರಿಸಿ. ಡೈ, ಅಂದರೆ ಅಚ್ಚು, ಮಾಡುವವರು ಬಳಸುವ ಉಕ್ಕು, ಇಂಗಾಲ ಶೇ. 0.9ರ ಸುತ್ತಮುತ್ತ. ಮೆತ್ತಗಿರುವಾಗಲೇ ಬರುವುದರಿಂದ ಅರಕ್ಕೂ ಡ್ರಿಲ್‌ಗೂ ಬಗ್ಗುತ್ತದೆ. ಅಂಚಿನ ನಡುಗೆರೆ ಹಾಕಲು ಒಂದು ಉಪಾಯ: ಪಟ್ಟಿಯನ್ನು ಗಾಜಿನ ಮೇಲೆ ಮಲಗಿಸಿ, ಅದರ ಪಕ್ಕದಲ್ಲೇ 3 ಮಿಲಿಮೀಟರ್ ಡ್ರಿಲ್ ಬಿಟ್ ಮಲಗಿಸಿ, ಬಿಟ್‌ನ ಮೂತಿಯಿಂದ ಅಂಚಿನ ಉದ್ದಕ್ಕೂ ಗೀರಿ. ಗೆರೆ ನಟ್ಟನಡುವೆ ಬೀಳುತ್ತದೆ. ಆ ಗೆರೆಯವರೆಗೆ ಎರಡೂ ಕಡೆಯಿಂದ ಅರ ಹಾಕಿ, ಆದರೆ ಬಾಯನ್ನು ಚೂಪು ಮಾಡದೆ ಅರ್ಧ ಮಿಲಿಮೀಟರ್ ಉಳಿಸಿ. ಹದ ಹಾಕುವಾಗ ತೀರಾ ತೆಳು ಅಂಚು ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು.

ಹದ ಹಾಕುವುದನ್ನು ಮಾತ್ರ ನೀವು ಮಾಡಬೇಡಿ. ಈ ಉಕ್ಕನ್ನು 800 ಡಿಗ್ರಿ ಹತ್ತಿರ ಕೆಲವು ನಿಮಿಷ ಅಲುಗದಂತೆ ನಿಲ್ಲಿಸಿ ಎಣ್ಣೆಗೆ ಬಿಡಬೇಕು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಯಾರಾದರೂ ಟೂಲ್‌ರೂಮಿನವರನ್ನು ವಿಚಾರಿಸಿದರೆ ಫರ್ನೇಸ್ ಇರುವವರು ಸಿಗುತ್ತಾರೆ. ಆಮೇಲಿನ ಕೆಲಸ, ಅಂದರೆ 200 ಡಿಗ್ರಿಯಲ್ಲಿ ಒಂದೊಂದು ಗಂಟೆ ಎರಡು ಸಲ ಕಾಯಿಸುವುದು, ಕೇಕ್ ಮಾಡುವ ಓವನ್‌ನಲ್ಲೇ ಆಗುತ್ತದೆ. ನಮ್ಮ ಮನೆಯವರು ಅದರಲ್ಲಿ ಎಣ್ಣೆ ವಾಸನೆ ಹಿಡಿದು ಎರಡು ದಿನ ಮಾತು ಬಿಟ್ಟಿದ್ದರು. ಅಲಗನ್ನು ಸೋಪು ಹಾಕಿ ತೊಳೆದು ಇಡಿ.

ಚಾಮುಂಡಿಪುರಂ ವಾಸಿ

ಒಂದು ಮಾತು ಬಿಟ್ಟುಹೋಗಿದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳನ್ನು ಶಸ್ತ್ರಾಸ್ತ್ರ ನಿಯಮಗಳು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಬಳಕೆ, ಕೃಷಿ, ಕೈಗಾರಿಕೆ, ವೈಜ್ಞಾನಿಕ ಕೆಲಸಕ್ಕೆಂದು ಮಾಡಿದ್ದಕ್ಕೆ ವಿನಾಯಿತಿ ಇದೆ. ಅಡುಗೆ ಚಾಕು ಮಾಡಿ, ಯಾರ ತಕರಾರೂ ಇಲ್ಲ. ಹುಮ್ಮಸ್ಸಿನಲ್ಲಿ ಕತ್ತಿ, ಕಠಾರಿ ಎಂದು ಹೊರಡಬೇಡಿ. ಮಚ್ಚನ್ನು ಬಸ್ಸಿನಲ್ಲಿ ತರುವಾಗಲೂ ಗೋಣಿಚೀಲದಲ್ಲಿ ಸುತ್ತಿ ತನ್ನಿ.

ಕುಲುಮೆ ಮನೆ ಮಗಳು, ಕೆ.ಆರ್. ಪೇಟೆ

ಟೂಲ್‌ರೂಮ್ ತಾತ ಹೇಳಿದ್ದು ಚಾಕುವಿಗೆ ಸರಿ. ಮಚ್ಚಿನ ವಿಷಯದಲ್ಲಿ ನಮ್ಮ ಮನೆಯ ಲೆಕ್ಕ ಸ್ವಲ್ಪ ಬೇರೆ. ನಮ್ಮಜ್ಜ ಮಚ್ಚು, ಕುಡುಗೋಲು ಬಿಟ್ಟರೆ ಬೇರೆ ಮಾಡಿದವರಲ್ಲ. ತಿದಿ ಒತ್ತುವ ಕೆಲಸ ನನ್ನದಾಗಿತ್ತು.

ಅಜ್ಜ ಹದ ಹಾಕುತ್ತಿದ್ದದ್ದು ಹೊತ್ತು ಇಳಿದ ಮೇಲೆ. ಬಿಸಿಲಿನಲ್ಲಿ ಕೆಂಪು ಯಾವ ಕೆಂಪು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಮಚ್ಚು ಕೆಂಪಗೆ ಕಾದ ಮೇಲೆ ಬಾಯಿಯನ್ನು ಮಾತ್ರ ಒಂದು ಬೆರಳಿನಷ್ಟು ನೀರಿಗೆ ಕೊಟ್ಟು ಮುಂದೆ ಹಿಂದೆ ಆಡಿಸುತ್ತಿದ್ದರು, ಬೆನ್ನು ಕೆಂಪಗೇ ಇರುತ್ತಿತ್ತು. ಹೊರಗೆ ತೆಗೆದು ಕಲ್ಲಿನ ಚೂರಿನಿಂದ ಬಾಯಿಯನ್ನು ಉಜ್ಜಿದರೆ ಬೆಳ್ಳಿಯಂತೆ ಹೊಳೆಯುವುದು. ಆಗ ಬೆನ್ನಿನ ಶಾಖ ಬಾಯಿಯ ಕಡೆ ಹರಿಯುತ್ತ ಬರುತ್ತದೆ, ಬಣ್ಣವೂ ಅದರ ಜೊತೆ ನಡೆದು ಬರುತ್ತದೆ: ಮೊದಲು ಒಣಹುಲ್ಲಿನ ಬಣ್ಣ, ಹಿಂದೆಯೇ ಕಂದು, ಆಮೇಲೆ ನೇರಳೆ. ಕಂದು ಅಂಚನ್ನು ಮುಟ್ಟುವ ಹೊತ್ತಿಗೆ ಪೂರ್ತಿ ನೀರಿಗೆ. ಹದ ಹಾಕುವಾಗ ಅಜ್ಜನನ್ನು ಯಾರೂ ಮಾತನಾಡಿಸುವಂತಿರಲಿಲ್ಲ. ಒಮ್ಮೆ ನಾನು ಊಟಕ್ಕೆ ಕರೆದು ಒಂದು ಕುಡುಗೋಲು ನೀಲಿಯಾಯಿತು. ಅದನ್ನು ಮೊದಲಿನಿಂದ ಮತ್ತೆ ಕಾಯಿಸಿದರು, ಊಟ ಆರಿತು.

ಹಿಡಿಯ ವಿಷಯ. ಮಚ್ಚಿನ ಬಾಲ, ಅಂದರೆ ಹಿಡಿಯೊಳಗೆ ಹೋಗುವ ತುದಿ, ತೂತಿನಲ್ಲಿ ಅಲ್ಲಾಡುತ್ತಿದ್ದರೆ ಬೆಣೆ ಹೊಡೆಯಬೇಡಿ, ಮರ ಸೀಳುತ್ತದೆ. ಹಳೆಯ ಕ್ರಮದಲ್ಲಿ ತೂತಿಗೆ ಅರಗಿನ ಪುಡಿ ತುಂಬಿ, ಬಾಲವನ್ನು ಕಾಯಿಸಿ ಒತ್ತುತ್ತಾರೆ. ಅರಗು ಕರಗಿ ಸಂದಿಯೆಲ್ಲ ತುಂಬಿಕೊಂಡು ಆರಿದ ಮೇಲೆ ಕಚ್ಚಿ ಹಿಡಿಯುತ್ತದೆ. ಬಾಲ ಕಾಯಿಸುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಮತ್ತೆ ನಿಮ್ಮ ನವಿಲುಗರಿ ಬರುತ್ತದೆ. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಇರಲಿ. ನಮ್ಮ ಕಡೆ ಜಾಲಿ ಮರ ಹಾಕುತ್ತಾರೆ.

ಊರಿನಲ್ಲಿ ಯಾರಾದರೂ ಕುಲುಮೆ ನಡೆಸುತ್ತಿದ್ದರೆ ಒಂದು ಭಾನುವಾರ ಹೋಗಿ ಕುಳಿತುಕೊಳ್ಳಿ. ಕೂಲಿ ಕೊಟ್ಟು ಕಲಿಯಿರಿ, ಪುಕ್ಕಟೆ ಬೇಡ.

ಟೂಲ್‌ರೂಮ್ ತಾತ, ಮೈಸೂರು

ಅಜ್ಜನ ವಿದ್ಯೆಗೆ ಕೈಮುಗಿದೆ ಮಗಳೇ. ಅದನ್ನು ಓದಿ ನಮ್ಮ ಲೆಕ್ಕಿಗರು ಗುಜರಿಯಿಂದ ಲಾರಿಯ ಸ್ಪ್ರಿಂಗ್ ಪಟ್ಟಿ ತಂದು ನೀರಿಗೆ ಅದ್ದದಿರಲಿ ಎಂದು ಒಂದು ಮಾತು ಸೇರಿಸುತ್ತೇನೆ. ಆ ಪಟ್ಟಿ ಎಣ್ಣೆಯಲ್ಲಿ ಹದವಾಗುವ ಉಕ್ಕು, ನೀರಿಗೆ ಬಿದ್ದರೆ ‘ಟಿಂಗ್’ ಎಂದು ಸೀಳುತ್ತದೆ. ಆ ಸದ್ದು ಕೇಳಿದವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಬೆಚ್ಚಗಿನ ಕಡಲೆಕಾಯಿ ಎಣ್ಣೆ ಸಾಕು. ವಾಹನದ ಹಳೆಯ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ಒಳ್ಳೆಯದಲ್ಲ. ಸತುವಿನ ಲೇಪ ಇರುವ ಜಿ.ಐ. ಪೈಪನ್ನು ಬೆಂಕಿಯ ಹತ್ತಿರ ತರಲೇಬೇಡಿ.

ಚಾಕುವಿನ ಹಿಡಿಗೆ ಮೈಸೂರಿನ ಮಂಡಿ ಮೊಹಲ್ಲಾ ಕಡೆ ಬೀಟೆ ಮರದ ಇನ್‌ಲೇ ಕೆಲಸ ಮಾಡುವವರನ್ನು ಕೇಳಿ ನೋಡಿ. ಅವರಿಗೆ ಬೇಡವಾದ ಗೇಣುದ್ದದ ತುಂಡು ನಿಮಗೆ ಎರಡು ಚಾಕುವಿಗಾಗುತ್ತದೆ. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಬೀಟೆಯ ಪುಡಿ ಕೆಲವರಿಗೆ ಮೈಯೆಲ್ಲ ತುರಿಕೆ ತರುತ್ತದೆ.

ಮಂಡ್ಯದ ಮೊಂಡುಚಾಕು (ಐದು ವಾರಗಳ ನಂತರ)

ಹಿರಿಯರಿಗೆ, ಕೆ.ಆರ್. ಪೇಟೆಯ ಅಕ್ಕನಿಗೆ ವಂದನೆಗಳು. ಮಚ್ಚಿನ ಬಾಯಿಯಿಂದ 6 ಮಿಲಿಮೀಟರ್ ಹೋಯಿತು. ನಾಲ್ಕು ಸಂಜೆ ಹಿಡಿಯಿತು. ಮೂರನೆಯ ಸಂಜೆ ಅರದ ಸದ್ದು ನಿಜಕ್ಕೂ ಬದಲಾಯಿತು, ನಾನು ಹೆಂಡತಿಯನ್ನು ಕರೆದು ಕೇಳಿಸಿದೆ. ಅವಳಿಗೆ ಎರಡೂ ಒಂದೇ ಸದ್ದು. ಭಾನುವಾರ ಊರಲ್ಲಿ ಒಂಬತ್ತು ಎಳನೀರು ಕೆತ್ತಿದೆ, ಅಂಚು ಮಡಚಲಿಲ್ಲ. ಹಿಡಿಗೆ ಅರಗು ಹಾಕಿದ್ದು ಎರಡನೆಯ ಸಲಕ್ಕೆ ಸರಿಹೋಯಿತು, ಮೊದಲ ಸಲ ಬಾಲ ಸಾಕಷ್ಟು ಕಾದಿರಲಿಲ್ಲ.

ಮನೆ ಮಾಲೀಕರ ಮನೆಯ ಈಳಿಗೆಮಣೆಗೂ ಸಾಣೆ ಹಿಡಿದುಕೊಟ್ಟೆ. ಅದರ ಬಾಗಿದ ಅಲಗನ್ನು ಕಲ್ಲಿನ ಮೇಲೆ ಎಳೆಯಲಾಗದೆ, ಸಣ್ಣ ಕಲ್ಲನ್ನೇ ಕೈಯಲ್ಲಿ ಹಿಡಿದು ಅಲಗಿನ ಮೇಲೆ ಆಡಿಸಿದೆ. ಯಜಮಾನತಿ ಮೊದಲ ದಿನವೇ ಬೆರಳು ಕೊಯ್ದುಕೊಂಡು, ಮೊಂಡಾಗಿದ್ದಾಗಲೇ ವಾಸಿ ಇತ್ತು ಎಂದರು. ಆದರೂ ಮೊನ್ನೆ ಎರಡು ಚಾಕು ಕಳಿಸಿದ್ದಾರೆ.

ಓ.ಎಚ್.ಎನ್.ಎಸ್. ಪಟ್ಟಿ ಬಂದಿದೆ. ಆಕಾರ ಕತ್ತರಿಸಿ ನಡುಗೆರೆ ಹಾಕಿದ್ದೇನೆ. ಹಿಡಿಯ ಹಿತ್ತಾಳೆ ಕಡ್ಡಿಗೆ ತೂತು ಕೊರೆಯುವುದು ಹದಕ್ಕೆ ಕೊಡುವ ಮುಂಚೆಯೋ, ಆಮೇಲೋ?

ಟೂಲ್‌ರೂಮ್ ತಾತ, ಮೈಸೂರು

ಮುಂಚೆ, ಸ್ವಾಮಿ, ಮುಂಚೆ! ಹದವಾದ ಮೇಲೆ ಬಿಟ್ ಸುಟ್ಟುಹೋಗುತ್ತದೆಯೇ ಹೊರತು ತೂತು ಬೀಳುವುದಿಲ್ಲ. ಸೆಂಟರ್ ಪಂಚ್‌ನಿಂದ ಗುರುತು ಹೊಡೆದು, ಮೊದಲು 3 ಮಿಲಿಮೀಟರ್ ಬಿಟ್, ಆಮೇಲೆ ಕಡ್ಡಿಯ ಅಳತೆಗಿಂತ ಒಂದು ಕೂದಲು ದೊಡ್ಡದು. ಹನಿ ಎಣ್ಣೆ ಬಿಡುತ್ತ ನಿಧಾನವಾಗಿ ಕೊರೆಯಿರಿ. ಮನೆಯಲ್ಲಿ ಗೋಡೆ ಕೊರೆಯುವ ಬಿಟ್ ಇದ್ದರೆ ಅದನ್ನು ಹಾಕಬೇಡಿ. ಅದು ಗೋಡೆಗೆ ಮಾತ್ರ, ಅದೂ ಮಾಲೀಕರು ಊರಲ್ಲಿಲ್ಲದಾಗ.