ಮಾಲೆ ತೆಗೆದ ಮೇಲೆ ಕುಡಿಯದೆ ಇರುವುದು ಹೇಗೆ?

ಮಂಡ್ಯ_ಕಡೆಯವನು:
ಶಬರಿಮಲೆಯಿಂದ ನಿನ್ನೆ ರಾತ್ರಿ ಬಂದೆ. ಇವತ್ತು ಸಂಜೆ ಅಮ್ಮನ ಕೈಯಲ್ಲಿ ಮಾಲೆ ತೆಗೆಸಬೇಕು, ನಿಜ ಹೇಳ್ತೀನಿ, ಭಯ ಆಗುತ್ತಿದೆ. ಹನ್ನೊಂದು ವರ್ಷ ದಿನಾ ಕುಡಿದವನು ನಾನು. ಈ 41 ದಿನ ಒಂದು ಹನಿ ಮುಟ್ಟಿಲ್ಲ. ಇರುಮುಡಿ ಕಟ್ಟುವಾಗ ತೆಂಗಿನಕಾಯಿಯ ಕಣ್ಣಿನೊಳಗೆ ತುಪ್ಪ ತುಂಬಿದೆ, ಕೈ ನಡುಗಲಿಲ್ಲ, ಒಂದು ತೊಟ್ಟೂ ಆಚೆ ಚೆಲ್ಲಲಿಲ್ಲ. ಎರಡು ತಿಂಗಳ ಹಿಂದೆ ಇದೇ ಕೈಯಲ್ಲಿ ಕಾಫಿ ಲೋಟ ನಿಲ್ಲುತ್ತಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ. ಆದರೆ ಹೋದ ವರ್ಷವೂ ಮಾಲೆ ಹಾಕಿದ್ದೆ, ತೆಗೆದ ಮೂರನೇ ದಿನಕ್ಕೆ ಬಾರ್‌ನಲ್ಲಿದ್ದೆ. ಇನ್ನೊಂದು ವಿಷಯ, ಡಿಪ್ರೆಶನ್‌ಗೆ ಎಂಟು ತಿಂಗಳಿಂದ ಮಾತ್ರೆ ನಡೀತಿದೆ. ಜೊತೆಗೆ ಬಂದಿದ್ದ ಹಿರಿಯರೊಬ್ಬರು ‘ಅಯ್ಯಪ್ಪನೇ ಇದ್ದಾನಲ್ಲ, ಮಾತ್ರೆ ಯಾಕೆ’ ಅಂದರು. ಬಿಡಬಹುದಾ?

ಒಂದೊಂದೇ_ದಿನ:
ಸ್ವಾಮಿ, ಮೊದಲು ಮಾತ್ರೆ ವಿಷಯ. ಡಾಕ್ಟರನ್ನು ಕೇಳದೆ ಬಿಡಬೇಡಿ. ನಾನು ಹಾಗೆ ಬಿಟ್ಟವನು, ಎರಡು ತಿಂಗಳಲ್ಲಿ ಹಾಸಿಗೆಯಿಂದ ಏಳಲಾಗದ ಹಾಗಾಯ್ತು, ಅದರ ಹಿಂದೆಯೇ ಬಾಟಲಿಯೂ ಬಂತು. ಈಗ ಆರು ವರ್ಷದಿಂದ ಕುಡಿದಿಲ್ಲ, ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಮೀಟಿಂಗ್‌ಗೆ ಹೋಗುತ್ತೇನೆ. ಅದು ಶುರುವಾದದ್ದೇ ನಿಮ್ಮಂಥ ಭಯದಿಂದ. 1935ರಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲಿನಲ್ಲಿ ಬಿಲ್ ಅನ್ನುವವರು ಒಬ್ಬರೇ ಇದ್ದರು, ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಬಾರ್ ಅಲ್ಲೇ ಇತ್ತು. ಅವರು ಫೋನ್ ಹಿಡಿದು ಚರ್ಚಿನವರಿಗೆ ಕರೆ ಮಾಡಿದರು, ಮಾತಾಡಲು ಇನ್ನೊಬ್ಬ ಕುಡುಕ ಬೇಕಾಗಿದ್ದ ಅವರಿಗೆ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್, ಅವರಿಬ್ಬರಿಂದಲೇ ಎಎ ಶುರುವಾಯ್ತು. ನೀವೂ ಮೂರು ನಂಬರ್ ಬರೆದಿಟ್ಟುಕೊಳ್ಳಿ, ಒಂದು ನಿಮ್ಮ ಗುರುಸ್ವಾಮಿಯದೇ ಇರಲಿ. ನಮ್ಮಲ್ಲಿ ಯಾವ ದೇವರು ಅಂತ ಯಾರೂ ಕೇಳಲ್ಲ, ಅಯ್ಯಪ್ಪನನ್ನು ಬಿಟ್ಟು ಬರಬೇಕಾಗಿಲ್ಲ.

ಪುತ್ತೂರಿನ_ಅಕ್ಕ:
ತಮ್ಮಾ, ನಮ್ಮವರದ್ದೂ ಇದೇ ಕತೆ. ಮಾಲೆಯಲ್ಲಿದ್ದಾಗ ನಾಲ್ಕು ಗಂಟೆಗೆ ತಣ್ಣೀರು ಸ್ನಾನ, ಸಂಜೆ ಭಜನೆ, ಎಲ್ಲರ ಬಾಯಲ್ಲೂ ‘ಸ್ವಾಮಿ’. ಕುಡಿಯುವ ಸ್ನೇಹಿತರೂ ದೂರ ನಿಲ್ಲುತ್ತಾರೆ. ಮಾಲೆ ತೆಗೆದರೆ ಇದೆಲ್ಲ ಒಂದೇ ದಿನಕ್ಕೆ ಹೋಗುತ್ತೆ, ಸಂಜೆ ಏಳರ ಆ ಹೊತ್ತು ಖಾಲಿ, ಅಲ್ವಾ? ಭಜನೆಗೆ ಹೋಗುವುದನ್ನು ನಾಳೆಯೂ ಬಿಡಬೇಡ. ಇವರು ಧರ್ಮಸ್ಥಳ ಯೋಜನೆಯವರ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಹೋದರು. ಶಿಬಿರಕ್ಕಿಂತ ಜಾಸ್ತಿ ಕೈಹಿಡಿದದ್ದು ಆಮೇಲಿನ ನವಜೀವನ ಸಮಿತಿ, ಅಂದರೆ ಶಿಬಿರದಲ್ಲಿ ಕುಡಿತ ಬಿಟ್ಟವರದೇ ಗುಂಪು. ಒಂದು ಸಭೆ ತಪ್ಪಿಸಿದರೆ ಮನೆಗೇ ಬಂದು ಕೇಳುತ್ತಿದ್ದರು.

ವಾರ್ಡ್_ಸಿಸ್ಟರ್:
ಓದುತ್ತಿರುವ ಬೇರೆಯವರಿಗೆ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಮಾಲೆ ಹಾಕಿ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಯಾರೋ ಕಂಡ ಹಾಗೆ, ಏನೋ ಕೇಳಿಸಿದ ಹಾಗೆ ಆಗಬಹುದು. ಅದು ದೇವರ ಕೋಪ ಅಲ್ಲ, ಜೀವಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಕರೆತನ್ನಿ. ಮಾಲೆ ಹಾಕುವ ಮೊದಲೇ ಡಾಕ್ಟರಿಗೆ ತೋರಿಸಿದರೆ ಇನ್ನೂ ಒಳ್ಳೆಯದು. ಮನಸ್ಸು ತೀರಾ ಕುಗ್ಗಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಂಡ್ಯ_ಕಡೆಯವನು:
ಎಲ್ಲರಿಗೂ ಕೈ ಮುಗಿಯುತ್ತೇನೆ. ಮಾಲೆ ತೆಗೆದಾಯ್ತು. ಅಮ್ಮ ಅದನ್ನು ದೇವರ ಗೂಡಿನಲ್ಲಿಟ್ಟರು, ಮಾತ್ರೆ ಡಬ್ಬಿಯನ್ನೂ ಅಲ್ಲೇ ಪಕ್ಕಕ್ಕೆ ಇಟ್ಟೆ, ಸಂಜೆ ದೀಪ ಹಚ್ಚುವಾಗ ಮರೆಯಲ್ಲ. ಗುರುಸ್ವಾಮಿ ಹತ್ತಿರ ಮಾತಾಡಿದೆ, ನಾಳೆ ಭಜನೆಗೆ ಅವರೇ ಬಂದು ಕರೆದುಕೊಂಡು ಹೋಗುತ್ತಾರಂತೆ. ಅಣ್ಣಾ, ಮೀಟಿಂಗ್‌ಗೆ ಹೆಂಡತಿಯೂ ಬರಬಹುದಾ? ಅವಳು ಕೇಳುತ್ತಿದ್ದಾಳೆ.

ಒಂದೊಂದೇ_ದಿನ:
ಓಪನ್ ಮೀಟಿಂಗ್, ಅಂದರೆ ಕುಡಿತದ ತೊಂದರೆ ಇಲ್ಲದವರೂ ಕೂರಬಹುದಾದ ಮೀಟಿಂಗ್, ಇರುವ ದಿನ ಬರಬಹುದು. ಊರು ಯಾವುದು ಅಂತ ಮೆಸೇಜ್ ಮಾಡಿ, ಹತ್ತಿರದ್ದು ವಿಚಾರಿಸಿ ಹೇಳ್ತೀನಿ.