ಎಸ್‌ಡಿ ಕಾರ್ಡ್ ಡ್ರೈವರ್: 2 ಜಿಬಿ ಓದುತ್ತೆ, 16 ಜಿಬಿ ಓದಲ್ಲ

ಪ್ರಶ್ನೆ: ಮೈಕ್ರೋಕಂಟ್ರೋಲರ್‌ಗೆ ಎಸ್‌ಪಿಐ (ಚಿಪ್‌ಗಳ ನಡುವೆ ಡೇಟಾ ಸಾಗಿಸುವ ಸೀರಿಯಲ್ ಬಸ್) ಮೂಲಕ ಕಾರ್ಡ್ ಸ್ಲಾಟ್ ಜೋಡಿಸಿ ಡ್ರೈವರ್ ಬರೆಯುತ್ತಿದ್ದೇನೆ. ಹಳೆಯ 2 ಜಿಬಿ ಕಾರ್ಡ್ ಸರಿಯಾಗಿ ಓದುತ್ತದೆ. 16 ಜಿಬಿಯಲ್ಲಿ ಸೆಕ್ಟರ್ 0 (ಮೊದಲ 512 ಬೈಟ್‌ಗಳ ತುಂಡು) ಮಾತ್ರ ಸರಿ, ಮುಂದಿನದೆಲ್ಲ ಸಂಬಂಧವಿಲ್ಲದ ಡೇಟಾ. ಬರೆಯುವಾಗಲೂ ಆಗಾಗ ಕೈಕೊಡುತ್ತದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1: ಸೆಕ್ಟರ್ 0 ಸರಿ ಬರುತ್ತಿದೆ ಅಂದಮೇಲೆ ವೈರಿಂಗ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, ತಪ್ಪಿರುವುದು ವಿಳಾಸದ ಲೆಕ್ಕ. ಹಳೆಯ ಎಸ್‌ಡಿಎಸ್‌ಸಿ ಕಾರ್ಡ್‌ಗೆ (2 ಜಿಬಿವರೆಗಿನದು) ಸಿಎಂಡಿ 17ರಲ್ಲಿ (ಒಂದು ಸೆಕ್ಟರ್ ಓದುವ ಕಮಾಂಡ್) ಬೈಟ್ ವಿಳಾಸ ಕೊಡಬೇಕು, ಅಂದರೆ ಸೆಕ್ಟರ್ ಸಂಖ್ಯೆಯನ್ನು 512ರಿಂದ ಗುಣಿಸಬೇಕು. ಎಸ್‌ಡಿಎಚ್‌ಸಿಗೆ (ನಿಮ್ಮ 16 ಜಿಬಿ ಈ ಬಗೆಯದು) ಸೆಕ್ಟರ್ ಸಂಖ್ಯೆಯನ್ನೇ ಕೊಡಬೇಕು. ಅಲ್ಲೂ ಗುಣಿಸಿದರೆ ಸೆಕ್ಟರ್ 1 ಕೇಳಿದಾಗ 512ನೇ ಸೆಕ್ಟರ್ ಬರುತ್ತದೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ, ಹಾಗಾಗಿ ಮೊದಲ ಸೆಕ್ಟರ್‌ನಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಇನಿಶಿಯಲೈಸೇಶನ್ ಮುಗಿದ ಮೇಲೆ ಸಿಎಂಡಿ 58 ಕಳಿಸಿ ಓಸಿಆರ್‌ನ (ಕಾರ್ಡಿನ ವಿವರ ಇರುವ ರಿಜಿಸ್ಟರ್) 30ನೇ ಬಿಟ್ ನೋಡಿ: 1 ಇದ್ದರೆ ಸೆಕ್ಟರ್ ವಿಳಾಸ, 0 ಇದ್ದರೆ ಬೈಟ್ ವಿಳಾಸ. ಕಾರ್ಡಿನ ಮೇಲೆ ಅಚ್ಚಾದ ಗಾತ್ರ ನೋಡಿ ತೀರ್ಮಾನಿಸಬೇಡಿ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಇನಿಶಿಯಲೈಸೇಶನ್ ಕ್ರಮವನ್ನೂ ಒಮ್ಮೆ ತಾಳೆ ನೋಡಿ. ಕ್ಲಾಕ್ 400 ಕಿಲೋಹರ್ಟ್ಸ್ ಒಳಗಿರಲಿ. ಚಿಪ್ ಸೆಲೆಕ್ಟ್ (ಕಾರ್ಡನ್ನು ಆರಿಸುವ ಪಿನ್) ಮೇಲಿಟ್ಟು ಕನಿಷ್ಠ 74 ಕ್ಲಾಕ್ ಕೊಡಿ (ಹೆಕ್ಸ್ ಎಫ್‌ಎಫ್ ಹತ್ತು ಬೈಟ್ ಸಾಕು). ಆಮೇಲೆ ಸಿಎಂಡಿ 0, ಸಿಆರ್‌ಸಿ (ದೋಷ ಪತ್ತೆಯ ಬೈಟ್) ಹೆಕ್ಸ್ 95, ಉತ್ತರ 01 ಬರಬೇಕು. ನಂತರ ಸಿಎಂಡಿ 8, ಆರ್ಗ್ಯುಮೆಂಟ್ ಹೆಕ್ಸ್ 1ಎಎ, ಸಿಆರ್‌ಸಿ 87. ಎಸ್‌ಪಿಐನಲ್ಲಿ ಸಿಆರ್‌ಸಿ ಪರೀಕ್ಷೆ ಮೊದಲಿಗೆ ಆಫ್ ಇದ್ದರೂ ಈ ಎರಡು ಕಮಾಂಡ್‌ಗಳಿಗೆ ಸರಿಯಾದದ್ದೇ ಬೇಕು. ಕೊನೆಗೆ ಉತ್ತರ 00 ಆಗುವವರೆಗೆ ಎಸಿಎಂಡಿ 41. ಪ್ರತಿ ಸಲವೂ ಮೊದಲು ಸಿಎಂಡಿ 55 ಕಳಿಸಬೇಕು. ಇದಕ್ಕೆ 1 ಸೆಕೆಂಡ್ ತನಕ ಹಿಡಿಯಬಹುದು. ಎಸಿಎಂಡಿ 41ರ ಆರ್ಗ್ಯುಮೆಂಟ್‌ನ 30ನೇ ಬಿಟ್ ಹಾಕದಿದ್ದರೆ ಎಸ್‌ಡಿಎಚ್‌ಸಿ ಕಾರ್ಡ್ 01 ಅನ್ನೇ ಕೊಡುತ್ತಾ ಕೂರುತ್ತದೆ. ಕಮಾಂಡ್ ಕಳಿಸಿದ ತಕ್ಷಣದ ಬೈಟನ್ನೇ ಉತ್ತರ ಅಂದುಕೊಳ್ಳಬೇಡಿ. ಎಲ್ಲಕ್ಕಿಂತ ಮೇಲಿನ ಬಿಟ್ 0 ಇರುವ ಬೈಟ್ ಬರುವವರೆಗೆ ಓದುತ್ತಿರಿ.

ಉತ್ತರ 3: ಬರೆಯುವ ತೊಂದರೆ ಹೆಚ್ಚಾಗಿ ಕಾಯದಿರುವುದರಿಂದಲೇ. ಟೋಕನ್ (ಡೇಟಾ ಶುರುವಾಯಿತು ಎನ್ನುವ ಬೈಟ್) ಎಫ್‌ಇ, 512 ಬೈಟ್, 2 ಬೈಟ್ ಸಿಆರ್‌ಸಿ ಹೋದ ಮೇಲೆ ಬರುವ ಬೈಟ್‌ನ ಕೆಳಗಿನ 5 ಬಿಟ್ ನೋಡಿ: 05 ಅಂದರೆ ಡೇಟಾ ಸ್ವೀಕಾರ, 0ಬಿ ಸಿಆರ್‌ಸಿ ದೋಷ, 0ಡಿ ಬರೆಯುವಲ್ಲಿ ದೋಷ. 05 ಬಂದ ಮಾತ್ರಕ್ಕೆ ಫ್ಲ್ಯಾಶ್‌ಗೆ ಬರೆದು ಮುಗಿಯಿತು ಅಂತಲ್ಲ! ಒಳಗೆ ಬರೆಯುತ್ತಿರುವಷ್ಟು ಹೊತ್ತು ಕಾರ್ಡ್ ಡೇಟಾ ಲೈನನ್ನು ಕೆಳಗೆಳೆದು ಹಿಡಿದಿರುತ್ತದೆ, ನಿಮಗೆ 00 ಬರುತ್ತಿರುತ್ತದೆ. ಎಫ್‌ಎಫ್ ಬಂದ ಮೇಲಷ್ಟೇ ಮುಂದಿನ ಕಮಾಂಡ್. ಟೈಮ್‌ಔಟ್ ಅನ್ನು ಲೂಪ್ ಎಣಿಕೆಯಲ್ಲಿ ಇಡಬೇಡಿ. ಕ್ಲಾಕ್ ಏರಿಸಿದಾಗ ಅಷ್ಟೇ ಸುತ್ತುಗಳು ಬೇಗ ಮುಗಿದು ಸುಳ್ಳು ದೋಷ ಬರುತ್ತದೆ. ಟೈಮರ್‌ನಿಂದ ಅಳೆಯಿರಿ: ಓದಲು 100 ಮಿಲಿಸೆಕೆಂಡ್, ಬರೆಯಲು 500. ಎಸ್‌ಡಿಎಚ್‌ಸಿಗೆ 250 ಸಾಕು, ಆದರೆ ಎಸ್‌ಡಿಎಕ್ಸ್‌ಸಿಗೆ (32 ಜಿಬಿ ಮೀರಿದ ಕಾರ್ಡ್) 500 ಬೇಕು.

ಸಿಎಂಡಿ 25ರಿಂದ ಹಲವು ಸೆಕ್ಟರ್ ಒಟ್ಟಿಗೆ ಬರೆಯುವುದಾದರೆ ಟೋಕನ್ ಎಫ್‌ಸಿ, ಮುಗಿಸಲು ಎಫ್‌ಡಿ. ಎಫ್‌ಇ ಅಲ್ಲಿ ನಡೆಯುವುದಿಲ್ಲ.

ಉತ್ತರ 4: ಅದೇ ಎಸ್‌ಪಿಐ ಬಸ್‌ನಲ್ಲಿ ಬೇರೆ ಚಿಪ್ ಇದೆಯೇ? ಇದ್ದರೆ ಚಿಪ್ ಸೆಲೆಕ್ಟ್ ಮೇಲೆತ್ತಿದ ಮೇಲೆ ಇನ್ನೊಂದು ಎಫ್‌ಎಫ್ ಕಳಿಸಿ. ಆ 8 ಕ್ಲಾಕ್ ಸಿಗದಿದ್ದರೆ ಕಾರ್ಡ್ ಡೇಟಾ ಲೈನ್ ಬಿಟ್ಟುಕೊಡುವುದಿಲ್ಲ, ಪಕ್ಕದ ಚಿಪ್‌ನ ಡೇಟಾ ಕೆಡುತ್ತದೆ. ಇನ್ನು, ದೊಡ್ಡ ಕಾರ್ಡಿನ ಪಕ್ಕದಲ್ಲಿರುವ ಲಾಕ್ ಗುಂಡಿ ಯಾವ ಕಡೆಗಿದೆ ಅನ್ನುವುದು ಕಾರ್ಡ್‌ಗೇ ಗೊತ್ತಾಗುವುದಿಲ್ಲ. ಸ್ಲಾಟ್‌ನ ಸ್ವಿಚ್ ಓದಿ ಬರೆಯುವುದನ್ನು ತಡೆಯುವ ಹೊಣೆ ಡ್ರೈವರ್‌ನದು.