ಅಪ್‌ಡೇಟ್: ನೀಲಿ ಎಲ್‌ಪಿ ಕೊನೆಗೂ ಕೈಸೇರಿತು

ಸ್ವತಂತ್ರ ರೆಕಾರ್ಡ್ ಅಂಗಡಿಗಳ ವಾರ್ಷಿಕ ಹಬ್ಬವಾದ ಏಪ್ರಿಲ್‌ನ ರೆಕಾರ್ಡ್ ಸ್ಟೋರ್ ಡೇಗೆಂದು ಸೀಮಿತ ಸಂಖ್ಯೆಯಲ್ಲಿ ಬಂದ ನೀಲಿ ಬಣ್ಣದ ಜಾಝ್ ಎಲ್‌ಪಿ (ವಿನೈಲ್ ಸಂಗೀತ ತಟ್ಟೆ) ಬೆಂಗಳೂರಿನಲ್ಲಿ ಕುಳಿತವನಿಗೆ ಹೇಗೆ ಸಿಕ್ಕೀತು ಎಂದು ಇಲ್ಲಿ ಕೇಳಿದ್ದೆ. ಸಿಕ್ಕಿತು!

ಹಲವರು ಹೇಳಿದಂತೆ, ರೆಕಾರ್ಡ್‌ಗಳ ಮಾಹಿತಿ ಮತ್ತು ಮಾರಾಟದ ತಾಣವಾದ ಡಿಸ್ಕಾಗ್ಸ್‌ನ ವಾಂಟ್‌ಲಿಸ್ಟ್‌ಗೆ (ಬೇಕಾದವುಗಳ ಪಟ್ಟಿ; ಅದು ಮಾರಾಟಕ್ಕೆ ಬಂದರೆ ಇಮೇಲ್ ಬರುತ್ತದೆ) ಸೇರಿಸಿಟ್ಟೆ. ಎರಡು ಸಲ ಇಮೇಲ್ ಬಂತು; ತೆರೆಯುವಷ್ಟರಲ್ಲಿ ಎರಡೂ ಮಾರಾಟವಾಗಿದ್ದವು. ಇಬೇ ಹರಾಜಿನಲ್ಲಿ ಕೊನೆಯ ಗಳಿಗೆಯಲ್ಲಿ ಯಾರೋ ಹಾರಿಸಿಕೊಂಡು ಹೋದರು.

ಫಲಿಸಿದ್ದು 'ಸಣ್ಣ ಅಂಗಡಿಗಳಿಗೆ ನೇರವಾಗಿ ಬರೆಯಿರಿ' ಎಂಬ ಸಲಹೆ. ರೆಕಾರ್ಡ್ ಸ್ಟೋರ್ ಡೇ ತಟ್ಟೆಗಳನ್ನು ಮೊದಲು ಅಂಗಡಿಯಲ್ಲೇ ಮಾರಬೇಕು, ಉಳಿದದ್ದು ಮಾತ್ರ ಆಮೇಲೆ ಆನ್‌ಲೈನ್‌ಗೆ ಬರುತ್ತದೆ. ಹನ್ನೊಂದು ಅಂಗಡಿಗಳಿಗೆ ಬರೆದೆ, ಮೂವರು ಉತ್ತರಿಸಿದರು. ಇಂಗ್ಲೆಂಡಿನ ಒಂದು ಅಂಗಡಿಯಲ್ಲಿ ಒಂದೇ ಪ್ರತಿ ಉಳಿದಿತ್ತು, ಅದೂ ಮೂಲ ಬೆಲೆಗೆ.

ನಡುವೆ ಒಬ್ಬ ಮಾರಾಟಗಾರ ಅರ್ಧ ಬೆಲೆಗೆ ಕೊಡುತ್ತೇನೆಂದಿದ್ದ. ಕೊನೆಯ ಹಾಡಿಗೂ ಲೇಬಲ್‌ಗೂ ನಡುವಿನ ನುಣುಪು ಜಾಗದ ಫೋಟೊ ಕೇಳಿದೆ. ದೀಪವನ್ನು ಓರೆಯಾಗಿ ಹಿಡಿದರೆ ಅಲ್ಲಿ ಕೆತ್ತಿದ ಅಕ್ಷರ, ಅಂಕಿಗಳು ಕಾಣುತ್ತವೆ; ಅದು ಯಾವ ಮುದ್ರಣ ಎಂದು ಗುರುತಿಸಲು ಅವು ನೆರವಾಗುತ್ತವೆ. ಡಿಸ್ಕಾಗ್ಸ್‌ನಲ್ಲಿದ್ದುದಕ್ಕೆ ಹೋಲಿಸಿದರೆ ಅದು ಬೇರೆಯೇ ಮುದ್ರಣ! ಈ ಉಪಾಯ ಹೇಳಿದವರಿಗೆ ಒಂದು ಫಿಲ್ಟರ್ ಕಾಫಿ ಬಾಕಿ ಇದೆ.

ಇನ್ನೊಂದು ಹೊಸ ಪಾಠ: ತಟ್ಟೆಯನ್ನು ರಟ್ಟಿನ ಕವಚದಿಂದ ಹೊರತೆಗೆದು, ಅದರ ಹಿಂದೆ ಇಟ್ಟು ಕಳುಹಿಸಲು ಹೇಳಿ. ಒಳಗೇ ಇದ್ದರೆ ದಾರಿಯ ಕುಲುಕಾಟಕ್ಕೆ ಕವಚದ ಅಂಚು ಸೀಳುತ್ತದೆ. ನನ್ನದು ಒಂದು ಗೆರೆಯೂ ಇಲ್ಲದೆ ಬಂತು.

ಕಸ್ಟಮ್ಸ್ ಸುಂಕ ಎಷ್ಟಾಯಿತೆಂದು ಮನೆಯಲ್ಲಿ ಇನ್ನೂ ಹೇಳಿಲ್ಲ.